ಶಾಲೆಯ ಅಂಗಳದಲ್ಲಿ ಚಿತ್ರದುರ್ಗ ಜಿಲ್ಲೆಯ ಉಬ್ಬು ನಕ್ಷೆ: ನಿಮ್ಮ ನೆರವು ಬೇಕು

ಆತ್ಮೀಯ ಹಳೆಯ ವಿದ್ಯಾರ್ಥಿಗಳೇ, ಊರಿನವರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯ ಅಂಗಳದಲ್ಲಿ ಇಡೀ ಜಿಲ್ಲೆಯ ಉಬ್ಬು ನಕ್ಷೆ ಕಟ್ಟಲು ಹೊರಟಿದ್ದೇವೆ. ಆರು ತಾಲ್ಲೂಕು, ಬೆಟ್ಟ, ಕೆರೆ, ಹಳ್ಳ ಎಲ್ಲವೂ ಸಿಮೆಂಟಿನಲ್ಲಿ. ಮಕ್ಕಳು ಒಂದು ಚೊಂಬು ನೀರು ಸುರಿದರೆ ಅದು ವೇದಾವತಿಯ ದಾರಿ ಹಿಡಿದು ವಾಣಿವಿಲಾಸ ಸಾಗರ ತಲುಪಬೇಕು.

ಮಳೆ ಕೈಕೊಟ್ಟರೆ ಶೇಂಗಾ ಏನಾಗುತ್ತದೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಇಲ್ಲಿ ಯಾಕೆ ಕಡಿಮೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಜಾಸ್ತಿ ಸುರಿದು, ನಮ್ಮ ಕಡೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಇದನ್ನು ಅವರು ನಕ್ಷೆಯ ಮೇಲೆ ನಿಂತು ಕಲಿಯಲಿ ಅಂತ ನಮ್ಮ ಆಸೆ.

ಬರದ ಜಿಲ್ಲೆ ಎಂದು ಒಂದೇ ಮಾತಲ್ಲಿ ಮುಗಿಸುವುದು ನಮಗೆ ಒಪ್ಪಿಗೆಯಿಲ್ಲ. ನೀರು ಹಿಡಿದಿಡುವುದನ್ನು ನಮ್ಮವರು ಎಂದೋ ಕಲಿತಿದ್ದರು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಬರೆಸಿದ್ದು ಒಂದು ಕೆರೆಯ ವಿಷಯ. ಅದು ನಾಲ್ಕನೇ ಶತಮಾನದ ಶಾಸನ. ಓಬವ್ವ, ಮದಕರಿ ನಾಯಕರ ಕತೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಅವರ ಅದೇ ಚಿತ್ರದುರ್ಗದ ಕೋಟೆಯಲ್ಲಿ ಮಳೆನೀರು ಹೊಂಡದಿಂದ ಹೊಂಡಕ್ಕೆ ಇಳಿದು, ಕೆಳಗಿನ ಸಂತೆಹೊಂಡ ಸೇರುತ್ತಿದ್ದುದೂ ತಿಳಿಯಬೇಕು ಅಲ್ವಾ? ಇನ್ನು ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡ ಕಟ್ಟಿದ ಆ ಅಣೆಕಟ್ಟೆ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ! ಆ ಕೋಡಿ ನೋಡಲು ಜನ ಬಂಡಿ, ಬಸ್ಸು, ಬೈಕು ಹತ್ತಿ ಹೋಗಿದ್ದರು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳಿಗೂ ನಕ್ಷೆಯಲ್ಲಿ ಜಾಗವಿದೆ. ಅಮೃತ್ ಮಹಲ್ ದನಗಳು ಮೇಯುವ ಹುಲ್ಲುಗಾವಲುಗಳಾದ ಕಾವಲುಗಳಿಗೂ ಇದೆ. ನಕ್ಷೆ ಮುಗಿದ ಮೇಲೆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯಬೇಕು, ಅದಕ್ಕೆ ಬಸ್ಸಿನ ಬಾಡಿಗೆ ಬೇಕು. ಶಾಲೆಯಲ್ಲೇ ದಿನವೂ ಮಳೆ ಅಳೆದು ಬರೆದಿಡಲು ಒಂದು ಮಳೆಮಾಪಕವೂ ಬೇಕು.

ದುಡ್ಡೇ ಕೊಡಬೇಕೆಂದಿಲ್ಲ. ಸಿಮೆಂಟ್ ಚೀಲ, ಒಂದು ಟ್ರ್ಯಾಕ್ಟರ್ ಮರಳು, ಬಣ್ಣದ ಡಬ್ಬಿ ಕೊಡಬಹುದು. ಗಾರೆ ಕೆಲಸ ಗೊತ್ತಿರುವವರು ಒಂದು ದಿನ ಬಂದು ಕೈಹಾಕಿದರೆ ಅದೇ ದೊಡ್ಡ ದೇಣಿಗೆ. ಹಿರಿಯರು ತಮ್ಮೂರಿನ ಕೆರೆ, ಕಟ್ಟೆ, ಹಳ್ಳಗಳ ಹಳೆಯ ಹೆಸರು ಹೇಳಲಿ, ಮಕ್ಕಳೇ ಅವನ್ನು ನಕ್ಷೆಯ ಮೇಲೆ ಬರೆಯುತ್ತಾರೆ.

ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು ದಯವಿಟ್ಟು ರಸೀದಿ ಪಡೆಯಿರಿ. ಜಮೆ, ಖರ್ಚಿನ ಲೆಕ್ಕವನ್ನು ಶಾಲೆಯ ಫಲಕದಲ್ಲಿ ಹಾಕುತ್ತೇವೆ. ಮುಂಗಾರಿಗೆ ಮುಂಚೆ ಗಾರೆ ಕೆಲಸ ಮುಗಿಯಬೇಕು, ಆದಷ್ಟು ಬೇಗ ಬನ್ನಿ.

ಹಳೆಯ ವಿದ್ಯಾರ್ಥಿಗಳು ಮತ್ತು ಶಾಲಾಭಿವೃದ್ಧಿ ಸಮಿತಿ