ವೆಟ್ಟರ್‌ಹಾರ್ನ್ ಬಂಡೆಗೆ ಹತ್ತುತ್ತಿದ್ದ ಹಗ್ಗದ ಬಂಡಿ

ಗ್ರಿಂಡೆಲ್‌ವಾಲ್ಡ್, ಸ್ವಿಟ್ಜರ್ಲೆಂಡ್

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಪತ್ರ ಬರೆಯಿರಿ.

ಬೆಟ್ಟ ಹತ್ತುವ ಕೇಬಲ್ ಕಾರನ್ನು ಮೊದಲು ಕಟ್ಟಿದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಭಾನುವಾರ ವೆಟ್ಟರ್‌ಹಾರ್ನ್ ಪರ್ವತದ ಬುಡಕ್ಕೆ ಹೋಗಿ ಬಂದೆ. ಈ ದೇಶದಲ್ಲಿ ಸಾರ್ವಜನಿಕರನ್ನು ಪರ್ವತಕ್ಕೆ ಹೊತ್ತೊಯ್ದ ಮೊದಲ ಹಗ್ಗದ ಬಂಡಿ 1908ರ ಜುಲೈ 27ರಂದು ಅಲ್ಲಿಯೇ ಓಡಲಾರಂಭಿಸಿತು. ಇದರ ಯೋಜನೆ ವಿಲ್ಹೆಲ್ಮ್ ಫೆಲ್ಡ್‌ಮನ್ ಎಂಬ ಜರ್ಮನ್ ಎಂಜಿನಿಯರ್‌ನದು. ಈಗಿನ ವುಪ್ಪರ್‌ಟಾಲ್ ನಗರದಲ್ಲಿ ನದಿಯ ಮೇಲೆ ತೂಗಾಡುತ್ತ ಸಾಗುವ ರೈಲಿನ ನಿರ್ಮಾಣದಲ್ಲಿ ದುಡಿದವರು ಅವರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಹಗ್ಗಗಳಲ್ಲೇ ಇದೆ ಎಂದು ನನಗೆ ತೋರುತ್ತದೆ. ಫೆಲ್ಡ್‌ಮನ್ ಒಂದೇ ಹಗ್ಗವನ್ನು ನಂಬಲಿಲ್ಲ. ಪ್ರತಿಯೊಂದು ಬಂಡಿಯನ್ನು ಹೊರಲು ಒಂದರ ಮೇಲೊಂದರಂತೆ ಎರಡು ಉಕ್ಕಿನ ಹಗ್ಗಗಳಿದ್ದವು, ಎಳೆಯಲು ಮತ್ತೆರಡು. ನಮ್ಮ ಹಿತ್ತಲ ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದರೆ ತುಂಬಿದ್ದು ಮೇಲೆ ಬರುವಾಗ ಬರಿದಾದದ್ದು ಕೆಳಗಿಳಿಯುತ್ತದಲ್ಲ, ಹಾಗೆಯೇ ಒಂದು ಬಂಡಿ ಏರುವಾಗ ಇನ್ನೊಂದು ಇಳಿಯುತ್ತಿತ್ತು. ಒಂದೊಂದರಲ್ಲಿ ಹದಿನಾರು ಜನ. ನಡುವೆ ಒಂದು ಕಂಬವೂ ಇಲ್ಲದೆ, 1257 ಮೀಟರ್ ಎತ್ತರದ ಕೆಳನಿಲ್ದಾಣದಿಂದ 1677 ಮೀಟರ್ ಎತ್ತರದ ಎಂಗೆ ಎಂಬ ಬಂಡೆಯಂಚಿನವರೆಗೆ ಹಗ್ಗಗಳು ಒಂದೇ ಜಿಗಿತದಲ್ಲಿ ಹೋಗಿದ್ದವು. ಕೆಳಗೆ ನಿಂತು ಕತ್ತೆತ್ತಿ ಆ ಕಡಿದಾದ ಗೋಡೆಯನ್ನು ನೋಡಿದಾಗಲೇ ಆ ಕೆಲಸದ ಅಳತೆ ನನಗೆ ತಿಳಿದದ್ದು.

3692 ಮೀಟರ್ ಎತ್ತರದ ಶಿಖರದತ್ತ ನಾಲ್ಕು ಹಂತಗಳಲ್ಲಿ ಏರುವುದು ಮೂಲ ಯೋಜನೆಯಾಗಿತ್ತು. ಆದರೆ ಕಟ್ಟಿದ್ದು ಮೊದಲನೆಯದನ್ನು ಮಾತ್ರ. 1914ರಲ್ಲಿ ಮಹಾಯುದ್ಧ ಆರಂಭವಾಗಿ ಪ್ರವಾಸಿಗರು ಬರುವುದು ನಿಂತುಹೋದ ಮೇಲೆ ಬಂಡಿಯೂ ನಿಂತಿತು, ಮತ್ತೆ ಓಡಲೇ ಇಲ್ಲ. 1934ರಲ್ಲಿ ಅದನ್ನು ಬಿಚ್ಚಿ ತೆಗೆದರು. ಕೆಲವೇ ವರ್ಷಗಳಲ್ಲಿ ಮುಗಿದುಹೋದ ಆ ಕೆಲಸದ ಬಗ್ಗೆ ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಮೇಲಿನ ನಿಲ್ದಾಣದ ಕಲ್ಲುಗೋಡೆಗಳು ಇಂದಿಗೂ ಬಂಡೆಗೆ ಅಂಟಿಕೊಂಡು ನಿಂತಿವೆ. ಗ್ಲೆಕ್‌ಸ್ಟೈನ್ ತಂಗುಮನೆಗೆ ಹೋಗುವ ಕಾಲುದಾರಿ ಆ ಕಡೆಯಿಂದಲೇ ಸಾಗುತ್ತದೆ. ಕೆಳಗಿನಿಂದ ತೆಗೆದ ಆ ನಿಲ್ದಾಣದ ಚಿತ್ರವನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಭೂತಗನ್ನಡಿ ಹಿಡಿದು ನೋಡಿದರೆ ಗೋಡೆ ನಿಮಗೂ ಕಂಡೀತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು