ಹ್ಯಾಂಡಲ್ ಸಂಗೀತ ದಸರೆಯಲ್ಲಿ ಮೊಳಗಲಿ

ಮಾನ್ಯ ಸಂಪಾದಕರೇ,

ಅರಸರ ಉತ್ಸವಗಳಿಗೆಂದು ಬರೆದ ಸಂಗೀತದಲ್ಲಿ ಆಡಂಬರ ಹೆಚ್ಚು, ಸತ್ವ ಕಡಿಮೆ ಎಂಬ ಮಾತು ಪಾಶ್ಚಾತ್ಯ ಸಂಗೀತಾಸಕ್ತರ ನಡುವೆ ಆಗಾಗ ಕೇಳಿಬರುತ್ತದೆ. ಹದಿನೆಂಟನೇ ಶತಮಾನದ ಸಂಗೀತ ರಚನಕಾರ ಹ್ಯಾಂಡಲ್‌ನ 'ರಾಯಲ್ ಫೈರ್‌ವರ್ಕ್ಸ್' ಸಂಗೀತವನ್ನು ಪಿಟೀಲುಗಳಿಲ್ಲದ ಅದರ ಮೂಲ ರೂಪದಲ್ಲಿ ಕೇಳಿದವರು ಈ ಮಾತನ್ನು ಒಪ್ಪಲಾರರು.

ಆಸ್ಟ್ರಿಯಾದ ಉತ್ತರಾಧಿಕಾರದ ಯುದ್ಧವನ್ನು ಮುಗಿಸಿದ 1748ರ ಒಪ್ಪಂದದ (ಫ್ರೆಂಚರ ವಶದಲ್ಲಿದ್ದ ಮದರಾಸು ಇಂಗ್ಲಿಷರಿಗೆ ಮರಳಿದ್ದೂ ಇದರಿಂದಲೇ) ಸಂಭ್ರಮಕ್ಕೆಂದು 1749ರ ಏಪ್ರಿಲ್ 27ರಂದು ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಣಬಿರುಸು ಏರ್ಪಾಡಾಗಿ, ಸಂಗೀತದ ಹೊಣೆ ಹ್ಯಾಂಡಲ್‌ನ ಮೇಲೆ ಬಂತು. ರಣವಾದ್ಯಗಳಷ್ಟೇ ಇರಲಿ, ಪಿಟೀಲು ಬೇಡ ಎಂಬುದು ಎರಡನೇ ಜಾರ್ಜ್ ದೊರೆಯ ಅಪೇಕ್ಷೆ. ಪಿಟೀಲು ಇರಲೇಬೇಕೆಂಬುದು ಹ್ಯಾಂಡಲ್‌ನ ಪಟ್ಟು. ಕೊನೆಗೆ ದೊರೆಯ ಅಪೇಕ್ಷೆಯೇ ನಡೆಯಿತು. ಅವನ ಹಸ್ತಪ್ರತಿ 24 ಓಬೋ, 12 ಬಸೂನ್ (ಇವೆರಡೂ ಮರದ ಊದುವಾದ್ಯಗಳು), ತಲಾ 9 ಟ್ರಂಪೆಟ್ ಹಾಗೂ ಹಾರ್ನ್ (ಇವು ಹಿತ್ತಾಳೆಯವು) ಮತ್ತು ಮೂರು ಜೋಡಿ ನಗಾರಿಗಳನ್ನು ಕೇಳುತ್ತದೆ. ಏಪ್ರಿಲ್ 21ರಂದು ವಾಕ್ಸ್‌ಹಾಲ್ ಉದ್ಯಾನದಲ್ಲಿ ನಡೆದ ತಾಲೀಮಿಗೇ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಹಣ ತೆತ್ತು ಬಂದರೆಂದೂ, ಲಂಡನ್ ಸೇತುವೆಯ ಮೇಲೆ ಬಂಡಿಗಳು ಮೂರು ತಾಸು ಅಲುಗಾಡದೆ ನಿಂತವೆಂದೂ ಅಂದಿನ ವರದಿ ಹೇಳುತ್ತದೆ. ಉತ್ಸವದ ದಿನ ಬಾಣಬಿರುಸಿಗೆಂದು ಕಟ್ಟಿದ್ದ ಮಂಟಪದ ಒಂದು ಪಾರ್ಶ್ವಕ್ಕೆ ಬೆಂಕಿ ಬಿದ್ದು ಬಾಣಬಿರುಸು ಕೆಟ್ಟಿತು.

'ಲಾ ರೆಜೂಯಿಸಾನ್ಸ್' ಎಂಬ ಭಾಗವನ್ನು ಗಮನವಿಟ್ಟು ಕೇಳಬೇಕು. ಅದನ್ನು ಮೂರು ಸಲ ನುಡಿಸಬೇಕೆಂಬುದು ಹ್ಯಾಂಡಲ್‌ನ ಸೂಚನೆ: ಮೊದಲು ಟ್ರಂಪೆಟ್‌ಗಳ ಮುಂದಾಳತ್ವ, ಎರಡನೆಯ ಸಲ ಟ್ರಂಪೆಟ್ ಬಿಟ್ಟು ಹಾರ್ನ್ ಮತ್ತು ಓಬೋಗಳು, ಮೂರನೆಯ ಸಲ ಎಲ್ಲವೂ ಒಟ್ಟಿಗೆ. ಆ ಕಾಲದ ಟ್ರಂಪೆಟ್‌ಗಳಲ್ಲಿ ಸ್ವರ ಬದಲಿಸಲು ಬೆರಳಿನಿಂದ ಒತ್ತುವ ವಾಲ್ವ್ ಇರಲಿಲ್ಲವಾದ್ದರಿಂದ ತುಟಿಯ ಬಿಗಿತದಿಂದ ಹೊರಡುವ ಕೆಲವೇ ಸ್ವರಗಳು ಅವುಗಳ ಬಂಡವಾಳ. ಅಷ್ಟರಲ್ಲೇ ಕಟ್ಟಿದ ಈ ರಾಗದಲ್ಲಿ ಸತ್ವ ಕಡಿಮೆಯೆನ್ನುವುದು ಅನ್ಯಾಯ. ಮೇ 27ರಂದು 'ಫೌಂಡ್ಲಿಂಗ್ ಹಾಸ್ಪಿಟಲ್' ಎಂಬ ಅನಾಥಾಲಯದ ಸಹಾಯಾರ್ಥ ಇದೇ ಸಂಗೀತವನ್ನು ಅವನು ಮತ್ತೆ ನುಡಿಸಿದ. ಈಗ ನಾವು ಹೆಚ್ಚಾಗಿ ಕೇಳುವುದು ಪಿಟೀಲು ಸೇರಿದ ರೂಪವನ್ನೇ. ಅದು ಇಂಪಾಗಿದೆ, ನಿಜ. ಆದರೆ ಬಯಲಿಗೆಂದು ಬರೆದ ಸಂಗೀತದ ಗಡಸು ಅದರಲ್ಲಿ ಮೆತ್ತಗಾಗುತ್ತದೆ.

ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ನೆರವಾದ ಜಯಚಾಮರಾಜ ಒಡೆಯರ್ ಅವರ ಊರು ಮೈಸೂರು. ದಸರೆಯಲ್ಲಿ ಅರಮನೆಯ ಮುಂದೆ ನುಡಿಸುವ ಪೊಲೀಸ್ ಬ್ಯಾಂಡ್‌ನವರಿಗೆ ಟ್ರಂಪೆಟ್, ಹಾರ್ನ್ ಹೊಸವಲ್ಲ. ಓಬೋಗಳ ಪಾಲನ್ನು ಕ್ಲಾರಿನೆಟ್‌ಗಳು ವಹಿಸಿಕೊಳ್ಳಬಹುದು. ಮುಂದಿನ ದಸರೆಯ ಕಾರ್ಯಕ್ರಮದಲ್ಲಿ ಈ ಕೃತಿಯ ಗಾಳಿವಾದ್ಯಗಳ ರೂಪವನ್ನು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಸಂಗೀತಾಸಕ್ತ ಓದುಗ, ಮೈಸೂರು