ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂ ಭೇಟಿಯಲ್ಲಾದ ಸೇವಾ ನ್ಯೂನತೆ: ಪ್ರವಾಸ ಸಂಸ್ಥೆಗೆ ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು ಕಚೇರಿ

ಮಾನ್ಯರೇ,

ವಿಷಯ: ಇಂಗ್ಲೆಂಡ್ ಪ್ರವಾಸದ 6ನೇ ದಿನದ ಕಾರ್ಯಕ್ರಮ ಹೇಳಿದಂತೆ ನಡೆಯದಿರುವುದು, ಹಣ ವಾಪಸಾತಿ ಹಾಗೂ ಕನ್ನಡ ಕರಪತ್ರದ ತಿದ್ದುಪಡಿ ಕುರಿತು.

ನಿಮ್ಮ ಪ್ರವಾಸದ 6ನೇ ದಿನಕ್ಕೆ ‘ಮೋಟಾರ್ ರೇಸಿಂಗ್ ಮತ್ತು ವಿಮಾನ ಇತಿಹಾಸ ವಿಶೇಷ’ ಎಂದು ಹೆಸರಿಟ್ಟು, ಪ್ಯಾಕೇಜಿನ ಮೇಲೆ ತಲೆಗೆ ₹7,500 ಹೆಚ್ಚುವರಿ ಪಡೆದಿದ್ದೀರಿ. ರಸೀದಿಯಲ್ಲಿ ಅದನ್ನು ಎರಡಾಗಿ ತೋರಿಸಿದ್ದೀರಿ: ದಿನದ ಕಾರ್ಯಕ್ರಮಕ್ಕೆ ₹5,500, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾನ್ಕಾರ್ಡ್ ವಿಮಾನದ ಒಳಗೆ ಏರಲು ₹2,000. ಈ ಪತ್ರಕ್ಕೆ ಸಹಿ ಹಾಕಿರುವ 16 ಜನರಲ್ಲಿ ಹೆಚ್ಚಿನವರು ವಿಮಾನ ಎಂಜಿನ್, ಮೋಟಾರು ಕೆಲಸದವರು. ಬೇರೆ ದಿನಗಳು ಹೇಗಾದರೂ ಇರಲಿ, ಈ ಒಂದು ದಿನ ಅಚ್ಚುಕಟ್ಟಾಗಿರಲಿ ಎಂದು ಬುಕಿಂಗ್ ಸಮಯದಲ್ಲೇ ಬರೆದುಕೊಟ್ಟಿದ್ದೆವು. ಹಾಗಿದ್ದೂ ಹಳೆಯ ರೇಸ್ ಟ್ರ್ಯಾಕು, ವಿಮಾನ ಕಾರ್ಖಾನೆಯ ಜಾಗದಲ್ಲಿರುವ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂ ಒಳಗೆ ಸಿಕ್ಕಿದ್ದು 1 ಗಂಟೆ 45 ನಿಮಿಷ. ಕಾನ್ಕಾರ್ಡ್ ಏರಲೇ ಇಲ್ಲ.

ಸಮಯ ಹೋದದ್ದು ಹೇಗೆಂದರೆ, ಕರಪತ್ರದ ಪ್ರಕಾರ ಬೆಳಗ್ಗೆ 10ಕ್ಕೆ, ಅಂದರೆ ಬಾಗಿಲು ತೆರೆಯುವ ಹೊತ್ತಿಗೆ, ನಾವು ಅಲ್ಲಿರಬೇಕಿತ್ತು. ಆ ಬೆಳಗ್ಗೆ ಟೂರ್ ಮ್ಯಾನೇಜರ್ ‘ವಿಂಡ್ಸರ್ ದಾರಿಯಲ್ಲೇ ಇದೆ, ನೋಡಿಕೊಂಡು ಹೋಗೋಣ’ ಎಂದರು. ಭೂಪಟ ತೆರೆದು ನೋಡಿ: ವಿಂಡ್ಸರ್ ಇರುವುದು ಲಂಡನ್ನಿನ ಪಶ್ಚಿಮಕ್ಕೆ, ಬ್ರೂಕ್‌ಲ್ಯಾಂಡ್ಸ್ ಇರುವ ವೇಬ್ರಿಜ್ ನೈರುತ್ಯಕ್ಕೆ, ಸರ್ರೆ ಕೌಂಟಿಯಲ್ಲಿ. ವಿಂಡ್ಸರ್ ಬಿಟ್ಟಿದ್ದು 1.15ಕ್ಕೆ. ಎಂ25 ವರ್ತುಲ ರಸ್ತೆಯಲ್ಲಿ ವಾಹನಗಳ ಸಾಲು. 2.30ಕ್ಕೆ ತಲುಪಿದ ಬಸ್ಸು ಪಕ್ಕದ ಕಾರು ಕಂಪನಿಯೊಂದರ ಪ್ರದರ್ಶನ ಕಟ್ಟಡದ ಮುಂದೆ ನಿಂತಿತು. ‘ಇದೇ ಮ್ಯೂಸಿಯಂ’ ಎಂದು ನಮ್ಮನ್ನು ಇಳಿಸಿಯೂ ಬಿಟ್ಟರು. ಒಳಗೆ ಹೊಳೆಯುವ ಹೊಸ ಕಾರುಗಳನ್ನು ಕಂಡ ಮೇಲೆಯೇ ಅನುಮಾನ ಬಂದದ್ದು. ನಿಜವಾದ ಗೇಟು ದಾಟಿದಾಗ 2.55. ಮತ್ತೆ ಬಸ್ಸು ಹತ್ತಿಸಿದ್ದು 4.40ಕ್ಕೆ.

ಇದಕ್ಕೆ ಬಸ್ಸೇ ಬೇಕಿರಲಿಲ್ಲ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವೇಬ್ರಿಜ್‌ಗೆ ನೇರ ರೈಲಿದೆ, ಅರ್ಧ ಮುಕ್ಕಾಲು ಗಂಟೆಯ ಹಾದಿ. ಅಲ್ಲಿಂದ ಸುಮಾರು ಒಂದು ಮೈಲಿ, ಮಂಡಿನೋವಿನವರಿಗೆ ಟ್ಯಾಕ್ಸಿ ಹಿಡಿದರಾಯಿತು. ಒಳಗೆ ಬೇಕಾಗುವ ಸಮಯವನ್ನೂ ಬರೆದಿಡುತ್ತೇವೆ, ಮುಂದಿನ ತಂಡಕ್ಕಾದರೂ ಉಪಯೋಗವಾಗಲಿ. 1907ರ ಕ್ಲಬ್‌ಹೌಸ್ ಮತ್ತು ಅದರ ಸುತ್ತಲ ಕಾರು ಶೆಡ್ಡುಗಳಿಗೆ ಒಂದು ಗಂಟೆ. ವಿಮಾನ ಕಾರ್ಖಾನೆ ವಿಭಾಗ, ಫ್ಲೈಟ್ ಶೆಡ್ ಸೇರಿ ಒಂದು ಗಂಟೆ. ಬಯಲಲ್ಲಿ ನಿಲ್ಲಿಸಿರುವ ವೈಕೌಂಟ್, ವ್ಯಾನ್‌ಗಾರ್ಡ್, ವಿಸಿ10, ಒನ್-ಇಲೆವೆನ್ ವಿಮಾನಗಳಿಗೆ ಇನ್ನೊಂದು. ಕಾನ್ಕಾರ್ಡಿಗೆ ಮುಕ್ಕಾಲು ಗಂಟೆ, ಅದೇ ಆವರಣದ ಲಂಡನ್ ಬಸ್ ಮ್ಯೂಸಿಯಂಗೆ ಮುಕ್ಕಾಲು ಗಂಟೆ. ಊಟ, ಓಡಾಟ ಸೇರಿದರೆ ಐದೂವರೆ ಗಂಟೆ. ನಮ್ಮನ್ನು ಓಡಿಸಿದ ವೇಗಕ್ಕೆ ಬಸ್ ಮ್ಯೂಸಿಯಂ ಬಾಗಿಲೂ ಕಾಣಲಿಲ್ಲ.

ಇನ್ನು ಕಾನ್ಕಾರ್ಡ್. ಅದರ ಒಳಗೆ ಹೋಗಲು ಮ್ಯೂಸಿಯಂ ಪ್ರವೇಶದ ಟಿಕೆಟ್ ಸಾಲದು, ಹೊತ್ತು ನಮೂದಿಸಿದ ಬೇರೆ ಟಿಕೆಟ್ ಬೇಕು. ಒಂದು ಸರದಿಗೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ 16 ಜನರ ಗುಂಪು ಮೊದಲೇ ಕಾಯ್ದಿರಿಸಲೇಬೇಕು. ನಿಮ್ಮವರು ಕೌಂಟರಿನಲ್ಲಿ ವಿಚಾರಿಸಿದ್ದು 3 ಗಂಟೆಗೆ. ಅಂದಿನ ಸರದಿಗಳು ಭರ್ತಿಯಾಗಿದ್ದವು. ಇದರಲ್ಲಿ ಮ್ಯೂಸಿಯಂನವರ ತಪ್ಪೇನೂ ಇಲ್ಲ. ‘ಹೊರಗಿನಿಂದ ಫೋಟೊ ತೆಗೆದುಕೊಳ್ಳಿ, ಒಳಗೆ ಮಾಮೂಲಿ ಸೀಟುಗಳೇ’ ಎಂದು ಟೂರ್ ಮ್ಯಾನೇಜರ್ ಸಮಾಧಾನ ಹೇಳಿದರು. ₹2,000 ಕಟ್ಟಿಸಿಕೊಂಡ ಮೇಲೆ ಹೇಳುವ ಮಾತೇ ಅದು?

ಕರಪತ್ರದಲ್ಲಿ ಅದೇ ವಿಮಾನದ ಬಗ್ಗೆ ‘ಲಂಡನ್–ನ್ಯೂಯಾರ್ಕ್ ಪ್ರಯಾಣಿಕರನ್ನು ಹೊತ್ತು ಹಾರಿದ ಕಾನ್ಕಾರ್ಡ್’ ಎಂದಿದೆ. ತಪ್ಪು. ಅಲ್ಲಿರುವುದು ಜಿ-ಬಿಬಿಡಿಜಿ ಎಂಬ ನೋಂದಣಿಯ ಕಾನ್ಕಾರ್ಡ್. 1974ರ ಫೆಬ್ರವರಿಯಲ್ಲಿ ಮೊದಲು ಹಾರಿದ ಪರೀಕ್ಷಾ ವಿಮಾನ. ನಿತ್ಯದ ಪ್ರಯಾಣಿಕ ಸೇವೆಗೆ ಅದು ಇಳಿಯಲೇ ಇಲ್ಲ. 1981ರಲ್ಲಿ ಹಾರಾಟ ನಿಲ್ಲಿಸಿದ ಮೇಲೆ ಉಳಿದ ಕಾನ್ಕಾರ್ಡ್‌ಗಳಿಗೆ ಬಿಡಿಭಾಗ ಕೊಡುತ್ತಾ ಬ್ರಿಸ್ಟಲ್ ಬಳಿಯ ಫಿಲ್ಟನ್‌ನಲ್ಲಿ ನಿಂತಿತ್ತು. 2004ರಲ್ಲಿ ತುಂಡು ತುಂಡಾಗಿ ರಸ್ತೆಯ ಮೇಲೆ ಬ್ರೂಕ್‌ಲ್ಯಾಂಡ್ಸ್‌ಗೆ ಬಂತು. ಜೋಡಿಸಿ ಜನರಿಗೆ ತೆರೆದದ್ದು 2006ರಲ್ಲಿ.

ಕರಪತ್ರದ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇವೆ. 4ನೇ ಪುಟದಲ್ಲಿ ‘ಇಲ್ಲಿ ಸದಸ್ಯರಿಗೆ ಬ್ಯಾಂಕಿಂಗ್ ಸೌಲಭ್ಯವಿದೆ’ ಎಂದು ಅಚ್ಚು ಹಾಕಿಸಿದ್ದೀರಿ. ಗುಂಪಿನಲ್ಲಿ ಒಬ್ಬರು ಅದನ್ನು ನಂಬಿ, ಐವತ್ತರ ಪೌಂಡ್ ನೋಟಿಗೆ ಅಲ್ಲೇ ಚಿಲ್ಲರೆ ಮಾಡಿಸೋಣವೆಂದು ಜೇಬಿನಲ್ಲಿ ತೆಗೆದಿಟ್ಟುಕೊಂಡಿದ್ದರು. ಮೆಂಬರ್ಸ್ ಬ್ಯಾಂಕಿಂಗ್ ಎಂದರೆ ರೇಸ್ ಟ್ರ್ಯಾಕಿನ ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸಿ ಓರೆ ಮಾಡಿದ ಭಾಗ. ಜಾತ್ರೆಯ ಸಾವಿನ ಬಾವಿಯಲ್ಲಿ ಬೈಕು ಗೋಡೆ ಹಿಡಿದು ಸುತ್ತುತ್ತದಲ್ಲ, ಲೆಕ್ಕ ಅದೇ: ಓರೆ ಹೆಚ್ಚಿದಷ್ಟೂ ವೇಗ ತಗ್ಗಿಸದೆ ತಿರುಗಬಹುದು. ಹ್ಯೂ ಲಾಕ್ ಕಿಂಗ್ ತನ್ನ ಸ್ವಂತ ಜಮೀನಿನಲ್ಲಿ ಕಟ್ಟಿಸಿ 1907ರ ಜೂನ್ 17ರಂದು ತೆರೆದ ಟ್ರ್ಯಾಕು ಅದು. ಸುತ್ತಳತೆ ಸುಮಾರು 2.75 ಮೈಲಿ, ಅಗಲ 100 ಅಡಿ, ಓರೆಯ ಎತ್ತರ ಸುಮಾರು 30 ಅಡಿ. ಇಷ್ಟು ಓರೆಯ ಮೇಲೆ ಡಾಂಬರು ನಿಲ್ಲುವುದಿಲ್ಲವೆಂದು ಕಾಂಕ್ರೀಟ್ ಹಾಕಿದರು, ಅದೂ ಕಬ್ಬಿಣದ ಸರಳಿಲ್ಲದೆ. ಅಡಿಯ ಮಣ್ಣು ಕೂತ ಕಡೆಯೆಲ್ಲ ಮೇಲ್ಮೈ ಕುಸಿಯಿತು. ವೇ ನದಿಯ ಸೇತುವೆ ಮೇಲೆ ಟ್ರ್ಯಾಕು ಹಾಯುವಲ್ಲಿ ಎಂಥ ಉಬ್ಬು ಎದ್ದಿತೆಂದರೆ, ವೇಗದ ಕಾರುಗಳು ಅಲ್ಲಿ ನಾಲ್ಕು ಚಕ್ರವನ್ನೂ ನೆಲ ಬಿಡಿಸಿ ಹಾರುತ್ತಿದ್ದವು. ಉಳಿದಿರುವ ಬ್ಯಾಂಕಿಂಗ್ ಮೇಲೆ ಹತ್ತಿ ನಿಂತರೆ ಕಾಲಡಿಯ ಆ ಏರುಪೇರು ತಿಳಿಯುತ್ತದೆ. ನೂರು ವರ್ಷ ದಾಟಿದ ಕಾಂಕ್ರೀಟು, ಸಂದುಗಳಲ್ಲಿ ಪಾಚಿ, ಮಳೆ ಬಿದ್ದರೆ ಜಾರುತ್ತದೆ. ‘ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ’ ಎಂಬ ಒಂದು ಸಾಲು ನಿಮ್ಮ ಬ್ಯಾಂಕ್ ಸೌಲಭ್ಯಕ್ಕಿಂತ ಉಪಯೋಗಕ್ಕೆ ಬರುತ್ತಿತ್ತು.

ಅದೇ ಪುಟದಲ್ಲಿ ಇನ್ನೆರಡು ತಪ್ಪುಗಳಿವೆ. ‘1926ರಲ್ಲಿ ಮೊದಲ ಫಾರ್ಮುಲಾ ಒನ್ ನಡೆದ ಜಾಗ’: 1926ರ ಆಗಸ್ಟ್ 7ರಂದು ಅಲ್ಲಿ ನಡೆದದ್ದು ಮೊದಲ ಬ್ರಿಟಿಷ್ ಗ್ರಾಂಪ್ರಿ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1950ರಲ್ಲಿ, ಸಿಲ್ವರ್‌ಸ್ಟೋನ್‌ನಲ್ಲಿ. ‘ಸ್ಪಿಟ್‌ಫೈರ್‌ನ ತವರು’: ಆ ಯುದ್ಧವಿಮಾನದ ತವರು ಸೌತಾಂಪ್ಟನ್. ಬ್ರೂಕ್‌ಲ್ಯಾಂಡ್ಸ್‌ನಿಂದ ಮೊದಲು ಹಾರಿದ್ದು ಹಾಕರ್ ಹರಿಕೇನ್, 1935ರ ನವೆಂಬರ್ 6ರಂದು. ಒಂದು ವಿಷಯ ನಿಮ್ಮ ಗೈಡಿಗೂ ಹೊಳೆಯಲಿಲ್ಲ. ಸಿಲ್ವರ್‌ಸ್ಟೋನ್ ಯುದ್ಧಕಾಲದ ವಿಮಾನ ನೆಲೆ, ಆಮೇಲೆ ರೇಸ್ ಟ್ರ್ಯಾಕು. ನಮ್ಮ ಪಕ್ಕದ ಚೆನ್ನೈ ಬಳಿಯ ಶೋಳಾವರಂ ಟ್ರ್ಯಾಕಿನ ಕಥೆಯೂ ಅದೇ. ಬ್ರೂಕ್‌ಲ್ಯಾಂಡ್ಸ್ ಮಾತ್ರ ತಿರುಗುಮುರುಗು: ಮೊದಲು ರೇಸು, ಅದರ ನಡುವಿನ ಬಯಲಲ್ಲಿ ವಿಮಾನ, ಕೊನೆಗೆ ಕಾರುಗಳು ಗುರಿ ಮುಟ್ಟುತ್ತಿದ್ದ ನೇರ ಟ್ರ್ಯಾಕಿನ (ಫಿನಿಷಿಂಗ್ ಸ್ಟ್ರೈಟ್) ಮೇಲೆಯೇ 1940ರಲ್ಲಿ ಹ್ಯಾಂಗರ್, ಅಂದರೆ ವಿಮಾನದ ಶೆಡ್ಡು, ಎದ್ದಿತು. ಆ ಹ್ಯಾಂಗರನ್ನು ಪಕ್ಕಕ್ಕೆ ಸರಿಸಿ, ಅಡಿಯಲ್ಲಿದ್ದ ಟ್ರ್ಯಾಕನ್ನು ಬಿಡಿಸಿ, 2017ರಲ್ಲಿ ಮತ್ತೆ ತೆರೆದಿದ್ದಾರೆ. ಗೈಡ್ ನಮ್ಮನ್ನು ಆ ನೇರದ ಮೇಲೆಯೇ ನಡೆಸಿಕೊಂಡು ಹೋದರು, ಕ್ಯಾಂಟೀನ್ ಎಲ್ಲಿದೆ ಎಂದು ತೋರಿಸಲು.

‘ನೇಪಿಯರ್-ರೈಲ್ಟನ್ ಕಾರಿನ ಎಂಜಿನ್ ಚಾಲೂ ಮಾಡಿ ತೋರಿಸಲಾಗುವುದು’ ಎಂಬ ಭರವಸೆಯೂ ಈಡೇರಲಿಲ್ಲ. 1935ರಲ್ಲಿ ಜಾನ್ ಕಾಬ್ ಗಂಟೆಗೆ 143.44 ಮೈಲಿಯ ಸರಾಸರಿಯಲ್ಲಿ ಸುತ್ತು ಹೊಡೆದು ಆ ಟ್ರ್ಯಾಕಿನ ಶಾಶ್ವತ ದಾಖಲೆ ಬರೆದದ್ದು ಈ ಕಾರಿನಲ್ಲಿ. ಅದರೊಳಗಿರುವುದು ಸುಮಾರು 24 ಲೀಟರಿನ ನೇಪಿಯರ್ ಲಯನ್ ವಿಮಾನ ಎಂಜಿನ್: ನಾಲ್ಕು ನಾಲ್ಕು ಸಿಲಿಂಡರುಗಳ ಮೂರು ಸಾಲು, ಎದುರು ನಿಂತು ನೋಡಿದರೆ ಮೂರು ಬೆರಳು ಬಿಡಿಸಿ ಹಿಡಿದ ಹಾಗೆ. ಕಟ್ಟಿದಾಗ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಯುದ್ಧದ ನಂತರ ಇದೇ ಕಾರನ್ನು ವಿಮಾನಗಳ ಬ್ರೇಕ್ ಪ್ಯಾರಾಚೂಟ್ ಪರೀಕ್ಷಿಸಲು ಓಡಿಸಿದರು. ಇಂಥ ಎಂಜಿನ್ನನ್ನು ಪ್ರವಾಸಿಗರು ಬಂದಾಗಲೆಲ್ಲ ಕೀಲಿ ತಿರುವಿ ಶುರು ಮಾಡುವುದಿಲ್ಲ. ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ. ಆ ದಿನಗಳನ್ನು ಮ್ಯೂಸಿಯಂ ಮೊದಲೇ ಪ್ರಕಟಿಸುತ್ತದೆ. ನೋಡಿ ದಿನ ಹೊಂದಿಸಬೇಕಿತ್ತು, ಇಲ್ಲವೇ ಆ ಸಾಲನ್ನೇ ಅಚ್ಚು ಹಾಕಬಾರದಿತ್ತು.

ಬೆಂಗಳೂರಿನವರಿಗೆಂದೇ ಮಾಡಿದ ಪ್ರವಾಸದಲ್ಲಿ ವೈಕೌಂಟ್ ವಿಮಾನವನ್ನು ‘ಸಮಯವಿಲ್ಲ’ ಎಂದು ದಾಟಿಸಿದ್ದು ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿದೆ. ಇಂಡಿಯನ್ ಏರ್‌ಲೈನ್ಸ್ 1957ರಿಂದ ಹಾರಿಸಿದ್ದು ಇದೇ ಜಾತಿಯ ವಿಮಾನವನ್ನು. ಅದರ ರೆಕ್ಕೆಯ ಮೇಲಿನ ನಾಲ್ಕು ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್‌ಗಳ ಕುಟುಂಬದ್ದನ್ನೇ ಎಚ್‌ಎಎಲ್ ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಯಾರಿಸಿತು, ನಮ್ಮಲ್ಲಿ ‘ಆವ್ರೊ’ ಎಂದೇ ಕರೆಯುವ ಎಚ್‌ಎಸ್ 748 ವಿಮಾನಕ್ಕಾಗಿ. ಗಾಳಿಯನ್ನು ಒತ್ತುವ ಎರಡು ಹಂತದ ಸೆಂಟ್ರಿಫ್ಯೂಗಲ್ ಕಂಪ್ರೆಸರ್, ಅದರ ಹಿಂದೆ ಓರೆಯಾಗಿ ಸುತ್ತುವರಿದ, ಇಂಧನ ಉರಿಯುವ ಏಳು ಕಂಬಷನ್ ಚೇಂಬರ್, ನೆಲದ ಮೇಲಿದ್ದಾಗ ಕಿವಿ ಕೊರೆಯುವ ಸಿಳ್ಳೆ. ಆ ಎಂಜಿನ್ನನ್ನು ಕೈಯಾರೆ ಬಿಚ್ಚಿ ಜೋಡಿಸಿದವರು ಗುಂಪಿನಲ್ಲಿ ಮೂವರಿದ್ದರು. ಇನ್ನೂ ಒಂದಿದೆ. ‘ಆವ್ರೊ’ ಎಂಬ ಹೆಸರು ಬಂದದ್ದು ಎ.ವಿ. ರೋ ಎಂಬವರಿಂದ. ಆತ 1907–08ರಲ್ಲಿ ತನ್ನ ಮೊದಲ ವಿಮಾನವನ್ನು ಪ್ರಯೋಗಿಸಿದ್ದು ಬ್ರೂಕ್‌ಲ್ಯಾಂಡ್ಸ್‌ನ ಒಂದು ಮರದ ಶೆಡ್ಡಿನಿಂದ. ಆ ಶೆಡ್ಡಿನ ಪ್ರತಿಕೃತಿ ಮ್ಯೂಸಿಯಂ ಆವರಣದಲ್ಲೇ ಇದೆ. ನಿಮ್ಮ ಗೈಡ್ ಅದನ್ನು ತೋಟದ ಸಾಮಾನು ಇಡುವ ಕೋಣೆ ಎಂದರು.

ವೆಲ್ಲಿಂಗ್ಟನ್ ಬಾಂಬರ್ ಮುಂದೆ ಕೊಟ್ಟದ್ದು ನಾಲ್ಕು ನಿಮಿಷ. 1940ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರಕ್ಕೆ ಇಳಿದು ಮುಳುಗಿ, 1985ರಲ್ಲಿ ಮೇಲೆ ಬಂದ ವಿಮಾನ ಅದು. ನೀರಿನಲ್ಲಿ 45 ವರ್ಷ ಇದ್ದೂ ಆಕಾರ ಉಳಿದದ್ದು ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದ ಜಾಲರಿ ಕಟ್ಟಿನಿಂದ. ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಪಟ್ಟಿಗಳು ಬಿದಿರು ಬುಟ್ಟಿಯ ಹೆಣಿಗೆಯಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಒಂದು ಕಡೆ ಗುಂಡು ಬಿದ್ದು ಹರಿದರೆ ಭಾರ ಪಕ್ಕದ ಪಟ್ಟಿಗಳಿಗೆ ಹಂಚಿಹೋಗುತ್ತದೆ. ಮೇಲೆ ಹೊದಿಸುತ್ತಿದ್ದದ್ದು ಬಟ್ಟೆ. ಕತ್ತು ಬಗ್ಗಿಸಿ ಆ ಕೀಲುಗಳ ರಿವೆಟ್ ನೋಡುತ್ತಿದ್ದವರನ್ನು ಸೀಟಿ ಊದಿ ಕರೆದರು.

ಗಾಲಿಕುರ್ಚಿಯ ಬಗ್ಗೆ ಚುಟುಕಾಗಿ: ‘ಪೂರ್ತಿ ಅನುಕೂಲವಿದೆ’ ಎಂದು ಫೋನಿನಲ್ಲಿ ಹೇಳಿದ್ದಿರಿ. ನೆಲ ಬಹುತೇಕ ಸಮತಟ್ಟು, ನಿಜ. ಆದರೆ ಬಯಲಿನ ವಿಮಾನಗಳ ಒಳಗೆ ಹೋಗಲು ಮೆಟ್ಟಿಲೇರಬೇಕು, ಕಾರುಗಳನ್ನು ಪರೀಕ್ಷಿಸಲು ಕಟ್ಟಿದ 1909ರ ‘ಟೆಸ್ಟ್ ಹಿಲ್’ ಏರುದಾರಿ ಕಡಿದಾದ ಕಡೆ ನಾಲ್ಕು ಅಡಿಗೆ ಒಂದು ಅಡಿ ಏರುತ್ತದೆ. ಇದನ್ನು ಮೊದಲೇ ತಿಳಿಸಬೇಕಿತ್ತು.

ಅಂದಹಾಗೆ, ದೂರಿಗೂ ಈ ಜಾಗಕ್ಕೂ ಹಳೆಯ ನಂಟು. 1907ರಲ್ಲಿ ಟ್ರ್ಯಾಕು ತೆರೆದ ಕೆಲವೇ ದಿನಕ್ಕೆ ಎಸ್.ಎಫ್. ಎಡ್ಜ್ ಎಂಬ ರೇಸ್ ಚಾಲಕ 24 ಗಂಟೆ ಬಿಡದೆ ಕಾರು ಓಡಿಸಿದ. ಸುತ್ತಮುತ್ತಲವರ ತಕರಾರಿನಿಂದ ಅಲ್ಲಿ ರಾತ್ರಿ ರೇಸೇ ನಿಂತಿತು. ಮುಂದೆ 24 ಗಂಟೆಯ ರೇಸು ಬೇಕೆಂದಾಗ ಹಗಲು ಹನ್ನೆರಡು ಹನ್ನೆರಡು ಗಂಟೆಯಂತೆ ಎರಡು ದಿನಕ್ಕೆ ಒಡೆದು ನಡೆಸಿದರು. ದೂರಿಗೆ ಕಿವಿಗೊಟ್ಟು ಪದ್ಧತಿ ಬದಲಿಸಿದರು. ನಾವು ಕೇಳುತ್ತಿರುವುದೂ ಅಷ್ಟೇ:

ಒಂದು, ಕಾನ್ಕಾರ್ಡ್ ಹೆಸರಿನಲ್ಲಿ ಪಡೆದ ₹2,000 ಪೂರ್ತಿ ವಾಪಸ್, 16 ಜನರಿಗೆ ₹32,000. ಎರಡು, ಪ್ರವೇಶದ ಟಿಕೆಟ್ ಕೊಡಿಸಿದ್ದೀರಿ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗಾಗಿ ಉಳಿದ ₹5,500ರಲ್ಲಿ ಅರ್ಧ, ಅಂದರೆ ತಲೆಗೆ ₹2,750ರಂತೆ ₹44,000. ಒಟ್ಟು ₹76,000. ಮೂರು, ಕರಪತ್ರದ 4ನೇ ಪುಟ ತಿದ್ದುವವರೆಗೆ ಅದನ್ನು ಹಂಚಬೇಡಿ. ತಿದ್ದಿಕೊಡಲು ಹಣ ಪಡೆಯದೆ ನಾವೇ ಸಿದ್ಧ. ನಾಲ್ಕು, ಮುಂದಿನ ತಂಡಕ್ಕೆ ವಿಂಡ್ಸರ್ ಅನ್ನು ಬೇರೆ ದಿನಕ್ಕೆ ಹಾಕಿ.

ರಸೀದಿ, ಕರಪತ್ರ, ಬುಕಿಂಗ್ ವೇಳೆ ಬರೆದುಕೊಟ್ಟ ಪತ್ರ ಹಾಗೂ ಪ್ರವೇಶದ ಟಿಕೆಟ್‌ಗಳ ನಕಲು ಲಗತ್ತಿಸಿದ್ದೇವೆ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇವೆ.

ಇಂತಿ,
ಪ್ರವಾಸ ತಂಡದ 16 ಸದಸ್ಯರು
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿ)